ಸುಟ್ಟುಬಿಡಿ ಎಂದಿದ್ದ ಅಕ್ಕ

ಕಳೆದ ವಾರ ಪುತ್ತೂರಿನ ಕ್ಲಿನಿಕ್ಕಿನಲ್ಲಿ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ, ಆ ವಾಸನೆಗೆ ಅಕ್ಕ ನೆನಪಾದರು. ಸುಳ್ಯದ ಹತ್ತಿರ ಬಾಳೆಯ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ನಾವಿಬ್ಬರೂ ದಿನವಿಡೀ ಕೈಗೆ ಸ್ಪಿರಿಟ್ ಹಚ್ಚಿಕೊಂಡು ಕೂರುತ್ತಿದ್ದೆವು. ಆಲೆಟ್ಟಿಯಿಂದ ಬರುತ್ತಿದ್ದ ಅವರು ನಮಗೆಲ್ಲ ಅಕ್ಕ. ಬಾಳೆಕಂದಿನ ಒಳಗಿನ ಬಿಳಿ ಕುಡಿಯನ್ನು ಬಿಡಿಸಿ, ಬಾಟ್ಲಿಯಲ್ಲಿ ಬೆಳೆಸಿ, ಒಂದನ್ನು ನೂರು ಮಾಡುವುದನ್ನು ನನಗೆ ಕಲಿಸಿದವರು ಅವರೇ. ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದರು... ಮಗುವಿನ ಉಗುರು ತೆಗೆಯುವ ಹಾಗೆ.

ಒಂದು ವರ್ಷ ಪಂಜದ ತೋಟವೊಂದರ ಕಂದಿನಿಂದ ಕದಳಿ ಗಿಡ ಮಾಡಿದ್ದೆವು. ನೆರಳುಮನೆಗೆ ಬಂದ ಮೇಲೆ ಕೆಲವು ಗಿಡಗಳ ಎಲೆ ಬಿಡಿಸಿಕೊಳ್ಳದೆ ತುದಿಯಲ್ಲೇ ಗೊಂಚಲಾಗಿ ನಿಂತಿತು. ತಾಯಿಗಿಡದಲ್ಲೇ ರೋಗ. ಪರೀಕ್ಷೆ ಮಾಡಿಸದೆ ಕಂದು ತಂದವನು ಲ್ಯಾಬಿನ ಧಣಿ. ಎಲ್ಲವನ್ನೂ ಸುಟ್ಟುಬಿಡಿ ಎಂದು ಅಕ್ಕ ನನ್ನೆದುರೇ ಅವನಿಗೆ ಹೇಳಿದರು. ಮಳೆ ಹತ್ತಿರ ಬಂತು, ಜನ ಗಿಡಕ್ಕೆ ಕಾಯುತ್ತಿದ್ದಾರೆ ಎಂದ. ಗೊಂಚಲಾದವನ್ನಷ್ಟೇ ಎಸೆದು ಉಳಿದವನ್ನು ಪಿಕಪ್ಪಿಗೆ ಏರಿಸಿದರು. ಏರಿಸಿದವರಲ್ಲಿ ನಾನೂ ಇದ್ದೆ.

ಕೆಲವು ತಿಂಗಳಲ್ಲಿ ಬೆಟ್ಟಂಪಾಡಿಯ ಕೃಷಿಕರೊಬ್ಬರು ಒಂದು ಗಿಡ ಕಿತ್ತು ತಂದು ಆಫೀಸಿನ ಮೇಜಿನ ಮೇಲಿಟ್ಟರು. ತೋಟವಿಡೀ ಹೀಗೇ ಆಗಿದೆಯಂತೆ. ಧಣಿ ಯೋಚಿಸಲೂ ಇಲ್ಲ, ಅಕ್ಕನ ಕಡೆ ಕೈ ತೋರಿಸಿದ. ಇವಳು ಚೂರಿ ಸರಿಯಾಗಿ ಕ್ಲೀನ್ ಮಾಡಲಿಲ್ಲ ಎಂದ.

"ಈ ರೋಗ ಚೂರಿಯಿಂದ ಬರುದಲ್ಲ, ಕಂದಿನ ಒಳಗೇ ಉಂಟು," ಎಂದರು ಅಕ್ಕ. "ಸುಡಿ ಅಂತ ನಾನು ಮೊದಲೇ ಹೇಳಿದ್ದೇನೆ. ಬೇಕಾದರೆ ಇವಳ ಹತ್ತಿರ ಕೇಳಿ."

ಎಲ್ಲರೂ ನನ್ನನ್ನು ನೋಡಿದರು. ನನಗೆ ಕೆಲಸ ಬೇಕಿತ್ತು. ನೆನಪಿಲ್ಲ ಎಂದೆ.

ಅಕ್ಕ ತಲೆಯ ಟೊಪ್ಪಿ ತೆಗೆದಿಟ್ಟು ಹೊರಟೇಹೋದರು. ಮರುದಿನ ಬೆಟ್ಟಂಪಾಡಿಗೆ ಹೋಗಿ ಆ ಕೃಷಿಕರ ಜೊತೆ ನಿಂತು, ರೋಗದ ಗಿಡಗಳನ್ನು ಬುಡಸಮೇತ ಅಗೆದು ತೆಗೆದರಂತೆ. ಬೇರೆ ಯಾವ ಲ್ಯಾಬೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಆ ಧಣಿ ಮಾತ್ರ ಈಗಲೂ ರೋಗವಿಲ್ಲದ ಗಿಡಗಳ ಬಗ್ಗೆ ಭಾಷಣ ಬಿಗಿಯುತ್ತಾನೆ. ಕೇಳಿದಾಗೆಲ್ಲ ಮೈ ಉರಿಯುತ್ತದೆ. ಆದರೆ ಮೈಕಿನ ಮುಂದೆ ನಿಲ್ಲುವಷ್ಟು ಧೈರ್ಯ ಅವನಿಗೆ ಕೊಟ್ಟದ್ದು ನನ್ನ ಆ ಒಂದು ಮಾತು...

ಕ್ಲಿನಿಕ್ಕಿನಿಂದ ನೇರ ಸುಳ್ಯದ ಬಸ್ಸು ಹತ್ತಿ ಆಲೆಟ್ಟಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಮಗಳು ಬೆಲ್ಲ, ನೀರು ತಂದಿಟ್ಟಳು. ಅಂದು ಸುಳ್ಳು ಹೇಳಿದ್ದು ನಾನೇ ಎಂದೆ.

ಆಕೆ ನನ್ನೆದುರು ಕುಳಿತಳು. "ಅಮ್ಮ ಹೆಸರು ಹೇಳಿರಲಿಲ್ಲ. ಪಾಪ, ಅವಳಿಗೆ ಕೆಲಸ ಬೇಕಿತ್ತು ಅಂತ ಮಾತ್ರ ಹೇಳ್ತಿದ್ದರು. ನೀವಾ ಅದು?"

ಹೌದು ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು.