ಸಣ್ಣ ಬಾಟಲಿಗೆಂದು ಬರೆದ ಸಾಲು

ನಾರ್ತ್ ಸಿಡ್ನಿಯ ನಮ್ಮ ರಫ್ತುದಾರರ ಸಂಘದಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ಯುರೋಪಿನ ದೇಶಗಳೆಲ್ಲ ಆಹಾರದ ಲೇಬಲ್‌ಗೆ ಒಂದೇ ಸರಳ ನಿಯಮ ತರಲಿ ಎಂದು ನಾವಿಬ್ಬರೂ ಮನವಿ ಬರೆಯುತ್ತಿದ್ದೆವು. ನನ್ನ ಪ್ರತಿ ಕರಡನ್ನೂ ಅವರು ಬೆರಳಿಟ್ಟು ಓದಿ, "ಇದ್ರಲ್ಲಿ ಸಣ್ಣ ವ್ಯಾಪಾರದವರು ಎಲ್ಲಿದ್ದಾರೆ ಮಾರಾಯ?" ಎನ್ನುತ್ತಿದ್ದರು.

ಮೆಲ್ಬರ್ನ್‌ನಲ್ಲಿ ಜಾಮ್ ಮಾಡುವ ಹೆಂಗಸೊಬ್ಬರ ಪುಟ್ಟ ಬಾಟಲಿಗೆ ನಾವು ಕೇಳುತ್ತಿದ್ದ ಅಷ್ಟು ದೊಡ್ಡ ಲೇಬಲ್ ಹಿಡಿಯುತ್ತಿರಲಿಲ್ಲ. ವಿನಾಯಿತಿ ಸಿಗದಿದ್ದರೆ ಅವರ ರಫ್ತು ನಿಲ್ಲುತ್ತಿತ್ತು. ಆ ವಿನಾಯಿತಿ ಕೇಳಿ ಹಿರಿಯರು ಮನವಿಗೆ ಒಂದು ಸಾಲು ಸೇರಿಸಿದ್ದರು. ಮನವಿ ಒಂದೇ ಪುಟದಲ್ಲಿ ಮುಗಿಯಲೆಂದು ನಾನು ಅದನ್ನು ಅವರಿಗೆ ಹೇಳದೆ ತೆಗೆದೆ.

ಫ್ಯಾಕ್ಸ್ ಮಾಡಿಯಾದ ಪ್ರತಿಯಲ್ಲಿ ಆ ಸಾಲು ಇರಬೇಕಿದ್ದ ಜಾಗದ ಮೇಲೆ ಅವರ ಬೆರಳು ನಿಂತಿತು. ನನ್ನತ್ತ ನೋಡಿದರೋ ಇಲ್ಲವೋ, ಈಗ ಖಚಿತವಿಲ್ಲ. ಮೆಲ್ಬರ್ನ್‌ಗೆ ಫೋನ್ ಮಾಡಿ, "ಅಕ್ಕಾ, ನಿಮ್ಮ ವಿಷಯ ಬಿಟ್ಟುಹೋಯ್ತು. ತಪ್ಪು ನಂದೇ," ಎಂದರು.

ಪಕ್ಕದಲ್ಲೇ ಕೂತಿದ್ದ ನಾನು ಆ ಪ್ರತಿಯನ್ನು ಕಡತಕ್ಕೆ ಸೇರಿಸಿದೆ. ಸಣ್ಣವರು ಎಲ್ಲಿದ್ದಾರೆ ಎಂಬ ಆ ಪ್ರಶ್ನೆಯನ್ನು ಅವರು ಮತ್ತೆಂದೂ ನನ್ನನ್ನು ಕೇಳಲಿಲ್ಲ.