ಟ್ರಂಕಿನ ಮೇಲೆ ಕೂತ ಆಯಾ

ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜುಗಳ ಕಿಣಿಕಿಣಿ ಈಗಲೂ ನನ್ನ ಮಧ್ಯಾಹ್ನದ ನಿದ್ದೆಯೊಳಗೆ ತೇಲಿ ಬರುತ್ತದೆ. ಎಪ್ಪತ್ತರ ದಶಕದಲ್ಲಿ ಪರೇಲಿನ ಕ್ಯಾನ್ಸರ್ ಆಸ್ಪತ್ರೆಯೊಂದರ ಚಿಲ್ಡ್ರನ್ಸ್ ವಾರ್ಡಿಗೆ ನಾನು ಕಥೆ ಓದಲು ಹೋಗುತ್ತಿದ್ದೆ. ಆ ಸದ್ದಿಗೆ ಮಕ್ಕಳು ಬೆದರಿದರೆ ವಿಜಾಪುರ ಕಡೆಯ ಆಯಾ ಒಬ್ಬಳು ಅವರ ಬೋಳುತಲೆ ಸವರುತ್ತ, "ಅತ್ಲಾಗ ನೋಡಬ್ಯಾಡ, ನನ್ನ ಮಾರಿ ನೋಡು" ಅನ್ನುತ್ತಿದ್ದಳು.

ಬ್ಲಡ್ ಕ್ಯಾನ್ಸರ್ ಇದ್ದ ಆರು ವರ್ಷದ ಹುಡುಗಿಯೊಬ್ಬಳಿಗೆ ಜ್ವರ ಬಿಟ್ಟು ಮುಖ ಗೆಲುವಾಯಿತು. ಅವಳ ಅಪ್ಪ ಟ್ರಂಕು ತುಂಬಿದ. "ಆರಾಮಾಗ್ಯಾಳ. ಇನ್ನ್ಯಾಕ ಚುಚ್ಚಸೋದು? ಊರಿಗೆ ಹೊಂಟೇವಿ." ಇನ್ನೂ ಎರಡು ವರ್ಷದ ಔಷಧದ ಕೋರ್ಸ್ ಇದೆ ಎಂದು ನನ್ನ ಪೊಲೈಟ್ ಕಾನ್ವೆಂಟ್ ಕನ್ನಡದಲ್ಲಿ ಹೇಳಿ ಸೋತೆ.

ಆಯಾ ಬಂದು ಟ್ರಂಕಿನ ಮೇಲೇ ಕೂತುಬಿಟ್ಟಳು. "ಹೊಲದಾಗ ಕರಿಕಿ ಹುಲ್ಲು ಕಿತ್ತೀಯೇನೋ ತಮ್ಮಾ? ಮ್ಯಾಲ ಹಸನ ಕಂಡ್ರ ಬೇರು ಹೋತೇನು? ಇದೂ ಹಂಗ. ಔಷಧ ಬಿಟ್ಟಿ ಅಂದ್ರ ಮತ್ತ ಚಿಗೀತೈತಿ."

ಅವನು ಬಹಳ ಹೊತ್ತು ಮಗಳನ್ನೇ ನೋಡಿದ. "ಏಳ ಯಕ್ಕಾ, ಟ್ರಂಕ್ ಮುರದೀತು," ಅಂದು ಬಟ್ಟೆಗಳನ್ನು ಹೊರತೆಗೆದ.

ಆಯಾಳನ್ನು ನಾನು ಕೊನೆಯ ಬಾರಿ ಕಂಡದ್ದು ಆ ಹುಡುಗಿಯ ಕೋರ್ಸ್ ಮುಗಿದ ದಿನ. ಹುಡುಗಿಯ ಹೊಸದಾಗಿ ಬೆಳೆದ ಮೋಟುಜಡೆಯನ್ನು ಮೆಲ್ಲಗೆ ಎಳೆದು ನೋಡಿ, ಕಣ್ಣು ತುಂಬಿ, ಆಯಾ ಗೋಡೆಯ ಕಡೆ ತಿರುಗಿದಳು.

"ಅತ್ಲಾಗ ನೋಡಬ್ಯಾಡ ಆಯಾ," ಅಂದಳು ಹುಡುಗಿ, "ನನ್ನ ಮಾರಿ ನೋಡು."