ಟಚ್ ವುಡ್ ಎಂದು ಕೋಲು ತಟ್ಟಿದ್ದು

ಹೆಣ್ಣು ನೋಡಲು ಬಂದ ಹಿರಿಯರ ಊರುಗೋಲನ್ನು ಯಾರಾದರೂ ತಟ್ಟುತ್ತಾರೆಯೇ? ಕಳೆದ ಭಾನುವಾರ ನಾನು ತಟ್ಟಿದೆ!

ತಪ್ಪು ನನ್ನದಲ್ಲ. ಹಂಪನಕಟ್ಟೆಯ ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಸಿಲ್ವಾ ಪೊರ್ಬುಗಳದ್ದು (ಕ್ರೈಸ್ತ ಹಿರಿಯರನ್ನು ನಮ್ಮೂರಲ್ಲಿ ಹೀಗೆ ಕರೆಯುವುದು). ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಸಾಕು, ಬೆರಳು ಮೇಜಿಗೆ ಹೋಗುತ್ತದೆ. “ಈ ವರ್ಷ ಮೊಣಕಾಲು ನೋವಿಲ್ಲ, ಟಚ್ ವುಡ್!” ಟಕ್ ಟಕ್. ಇರುವ ಸುಖವನ್ನು ಬಾಯಿಬಿಟ್ಟು ಹೇಳಿದರೆ ಅದು ಕೈತಪ್ಪೀತಂತೆ, ಅದಕ್ಕೇ ಕೂಡಲೇ ಮರ ಮುಟ್ಟಬೇಕಂತೆ. ಇಂಗ್ಲಿಷರು ಗಂಟುಮೂಟೆ ಕಟ್ಟಿ ಹೋದರು, ಇದೊಂದನ್ನು ಪೊರ್ಬುಗಳ ಹತ್ತಿರ ಬಿಟ್ಟು ಹೋದರು. ಆರು ವರ್ಷ ಎದುರು ಕುಳಿತ ನನಗೂ ಅಂಟಿಕೊಂಡಿತು.

ಆಫೀಸಿನಲ್ಲಾದರೆ ಮೇಜು ಉಂಟು. ಫಳ್ನೀರಿನ ನಮ್ಮ ಬಾಡಿಗೆ ಮನೆಯಲ್ಲಿ? ಹುಡುಗನೂ ಸೇರಿ ನಾವೆಲ್ಲ ಚಾಪೆಯ ಮೇಲೆ. ಇದ್ದ ಒಂದೇ ಕಬ್ಬಿಣದ ಕುರ್ಚಿಯಲ್ಲಿ ಹುಡುಗನ ಸೋದರಮಾವ. ತಂಗಿ ಸುಮತಿಗೆ ಇದು ಮೂರನೆಯ ಸಂಬಂಧ (ಹಿಂದಿನ ಇಬ್ಬರು ಕಾಫಿ ಕುಡಿದು ಹೋದವರು ಪತ್ತೆಯೇ ಇಲ್ಲ). ಈ ಹುಡುಗ ಅವಳಿಗೂ ಹಿಡಿಸಿದ್ದ. ಅಮ್ಮ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

“ಹುಡುಗಿಯ ಆರೋಗ್ಯ ಹೇಗುಂಟು?” ಮಾವ ಕೇಳಿದರು.

“ಜ್ವರ ಅಂದ್ರೆ ಎಂತ ಅಂತಲೇ ಅವಳಿಗೆ ಗೊತ್ತಿಲ್ಲ, ಟಚ್ ವುಡ್!” ಎಂದೆ. ಕೈ ತಾನಾಗಿಯೇ ಮರ ಹುಡುಕಿತು. ಸಿಕ್ಕಿದ್ದು ಮಾವನ ತೊಡೆಯ ಮೇಲಿದ್ದ ಊರುಗೋಲು. ಟಕ್ ಟಕ್.

ಮಾವ ಕೋಲನ್ನು ಎಳೆದುಕೊಂಡರು. “ಎಂತ ಮಾರಾಯ್ರೆ, ಎಂತಾದ್ರೂ ಮುಚ್ಚಿಡ್ತಾ ಇದ್ದೀರಾ?”

ಈ ಸಂಬಂಧವೂ ನನ್ನ ಕೈಯಾರೆ ಹೋಯಿತೇ? ಬೆವರುತ್ತಾ ಪೊರ್ಬುಗಳ ಪಾಠವನ್ನು ಪೂರ್ತಿ ಒಪ್ಪಿಸಿದೆ. ಮಾವ ಕಣ್ಣು ಕಿರಿದು ಮಾಡಿ ಕೇಳಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

“ದೃಷ್ಟಿ ತಾಗಬಾರದು ಅಂತ ಅಲ್ವಾ? ನಾವು ಉಪ್ಪು ಮೆಣಸು ನಿವಾಳಿಸ್ತೇವೆ. ಇಂಗ್ಲಿಷರಿಗೆ ಮರ ಮುಟ್ಟಿದ್ರೆ ಸಾಕಾ?”

ಅಮ್ಮ ಉಸಿರು ಬಿಟ್ಟದ್ದು ನನಗೆ ಚಾಪೆಯವರೆಗೂ ಕೇಳಿಸಿತು.

ಆಗ ಕಾಫಿ ಲೋಟ ತೆಗೆಯಲು ಬಂದ ಸುಮತಿ (ಟೀಚರ್ ಅಲ್ಲವೇ, ಪ್ರಶ್ನೆ ಕೇಳಿಯೇ ಅಭ್ಯಾಸ) ಹುಡುಗನತ್ತ ನೋಡಿ ಕೇಳಿಯೇಬಿಟ್ಟಳು: “ಅವರಿಗೆ ಸಿಟ್ಟು ಬರ್ತದಾ?”

ಹುಡುಗ ನೆಲ ನೋಡಿದ.

“ಇವನಿಗಾ? ಬೆಕ್ಕಿಗೂ ಜೋರು ಮಾಡಿದವನಲ್ಲ, ಟಚ್ ವುಡ್!” ಎಂದು ಮಾವ ಕೋಲು ತಟ್ಟಿದರು. ಟಕ್ ಟಕ್ ಟಕ್ ಟಕ್ ಟಕ್. ಸುಮತಿಯೂ ನಕ್ಕಳು. ಸಂಬಂಧ ಕುದುರಿತು.

ಎಲ್ಲರಿಗೂ ಖುಷಿ. ನನಗೊಂದೇ ಸಂಶಯ. ನಾನು ತಟ್ಟಿದ್ದು ಎರಡೇ ಸಲ. ಮಾವ ಐದು ಸಲ ಯಾಕೆ ತಟ್ಟಿದರು?